ಬಾತುಕೋಳಿ ಪುಸ್ತಕದ ತಕರಾರು

ಡೊಮಿನಿಕನ ಮನೆಯಲ್ಲಿ ಪ್ರಾರ್ಥನೆಯ ಪುಸ್ತಕವಿತ್ತು, ಹೆಂಡತಿ ಎಸ್ತರಳ ಶಾಲೆಯ ಪಾಠಪುಸ್ತಕಗಳಿದ್ದವು, ಮತ್ತು ಬಾತುಕೋಳಿ ಪುಸ್ತಕವಿತ್ತು. ಮೊದಲಿನ ಎರಡನ್ನು ಓದಲು ಮನೆಯವರಿಗೆಲ್ಲ ಬರುತ್ತಿತ್ತು. ಓದಿ ಹೇಳು ಎಂದು ಯಾರೂ ಕೇಳುತ್ತಿರಲಿಲ್ಲ. ಬಾತುಕೋಳಿ ಪುಸ್ತಕವನ್ನು ಓದಲು ಯಾರಿಗೂ ಬರುತ್ತಿರಲಿಲ್ಲ; ಅದನ್ನು ದಿನಾ ಓದಬೇಕಾಗಿತ್ತು.

ಬೊಂಬಾಯಿಯಲ್ಲಿ ಹಡಗಿನ ಅಡುಗೆಮನೆಯ ಕೆಲಸಕ್ಕಿದ್ದ ಸಂಬಂಧಿಕನೊಬ್ಬ ರಜೆಗೆ ಬಂದಾಗ ಮಕ್ಕಳಿಗೆಂದು ತಂದುಕೊಟ್ಟದ್ದು ಅದು. ಯಾವುದೋ ಚಳಿದೇಶದ ಭಾಷೆ. ಅಕ್ಷರಗಳು ಇಂಗ್ಲಿಷಿನವೇ ಆಗಿ ಕಂಡರೂ ಕೆಲವುಗಳ ನೆತ್ತಿಯ ಮೇಲೆ ಚುಕ್ಕೆಗಳಿದ್ದವು. ಎಸ್ತರ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಎರಡು ಪುಟ ತಿರುವಿ, ಅಚ್ಚಿನ ತಪ್ಪುಗಳು ಬಹಳ ಎಂದು ತೀರ್ಮಾನಿಸಿ ಕೈಬಿಟ್ಟಳು. ಚಿತ್ರಗಳು ಮಾತ್ರ ಚೆನ್ನಾಗಿದ್ದವು. ಕೆಂಪು ಲಂಗದ ದಪ್ಪ ಮುದುಕಿ, ಅವಳ ಬಿಳಿ ಬಾತುಕೋಳಿ. ಬಾತುಕೋಳಿ ಬೇಲಿ ದಾಟಿ ಓಡುತ್ತದೆ, ದೋಣಿ ಹತ್ತುತ್ತದೆ, ಇಗರ್ಜಿಯ ಗೋಪುರ ಏರುತ್ತದೆ, ಮುದುಕಿ ಹುಡುಕುತ್ತಾಳೆ. ಊರು ತುಂಬ ಹಿಮ. ಶಿರ್ವದಿಂದ ಕಾಪುವಿನವರೆಗೆ ಹಿಮ ಕಂಡವರು ಯಾರೂ ಇಲ್ಲದ್ದರಿಂದ ಅದು ಒಣಗಲು ಹರಡಿದ ಉಪ್ಪು ಎಂದು ಡೊಮಿನಿಕನ ತಂಗಿ ಸೆಲೀನ್ ನಿರ್ಧರಿಸಿದಳು. ಕೊನೆಯ ಚಿತ್ರದಲ್ಲಿ ಮುದುಕಿ ಮೇಜಿನ ಮೇಲೆ ಹಬೆಯಾಡುವ ದೊಡ್ಡ ಬೋಗುಣಿಯೊಂದನ್ನು ಇಡುತ್ತಿದ್ದಾಳೆ, ಬಾತುಕೋಳಿ ಎಲ್ಲೂ ಕಾಣುವುದಿಲ್ಲ. ಅದು ಮೇಜಿನ ಅಡಿಯಲ್ಲಿ ಮಲಗಿದೆ ಎಂದು ಸೆಲೀನಳ ಓದು. ಕ್ರಿಸ್ಮಸ್ಸಿಗೆ ಬಾತುಕೋಳಿ ಕಡಿಯುವ ಮನೆಯಲ್ಲಿ ಇದಕ್ಕಿಂತ ಜಾಣ ಅನುವಾದ ಸಾಧ್ಯವಿರಲಿಲ್ಲ.

ಹೀಗೆ ಆ ಪುಸ್ತಕ ಸೆಲೀನಳ ಪಾಲಿಗೆ ಬಂತು. ಮನೆಯಲ್ಲಿ ಅವಳಿಗೆ ಸೆಲಿಬಾಯಿ ಎಂದು ಹೆಸರು. ಮಕ್ಕಳೂ ಹಾಗೇ ಕರೆಯುತ್ತಿದ್ದರು. ಸಂಜೆ ಜಪಮಾಲೆ ಮುಗಿದು, ಹಿರಿಯರಿಂದ ಆಶೀರ್ವಾದ ಬೇಡಿ ಆದ ಕೂಡಲೇ ಡೊಮಿನಿಕನ ಆರು ವರ್ಷದ ಮಗಳು ಲೊರ್ನಾ ಪುಸ್ತಕ ಹಿಡಿದುಕೊಂಡು ಬರುವಳು. ಅವಳ ತಮ್ಮ, ಮೂರರ ಅಲೆಕ್ಸ್, ಚಾಪೆಯ ಮೇಲೆ ತನ್ನ ಜಾಗದಲ್ಲಿ ಮೊದಲೇ ಕೂತಿರುವನು. ಓದು ಮುಗಿಯಿತೋ, ಇನ್ನೊಮ್ಮೆ. ಅದೂ ಮುಗಿಯಿತೋ, ಮತ್ತೊಮ್ಮೆ. ಒಂದು ಮಾತು ಹಿಂದೆಮುಂದೆ ಆದರೆ ಅಲೆಕ್ಸ್ ಪುಟದ ಮೇಲೆ ಅಂಗೈ ಇಟ್ಟು ನ್ಯಾಯಾಧೀಶರ ಹಾಗೆ ಕಾಯುವನು. ತಿದ್ದಿದ ಮೇಲೇ ಕೈ ತೆಗೆಯುವುದು. ಮೂಲವನ್ನು ಬರೆದವನಿಗೆ ಇಂಥ ಓದುಗರು ಸಿಕ್ಕಿದ್ದರೋ ಇಲ್ಲವೋ, ಹೇಳುವಂತಿಲ್ಲ.

ಸೆಲೀನಳಿಗೆ ಮೂವತ್ತು ತುಂಬಿತ್ತು. ಎಸ್ತರ್ ಬೆಳಗ್ಗೆ ಶಾಲೆಗೆ ಹೋದರೆ ಸಂಜೆಗೆ ಬರುವಳು. ಅಡುಗೆ, ದನ, ಹಂದಿ, ಮಕ್ಕಳು, ಕೊಬ್ಬರಿಯ ಅಂಗಳಕ್ಕೆ ಬರುವ ಆಳುಗಳ ಗಂಜಿ ಎಲ್ಲವೂ ಸೆಲೀನಳ ಮೇಲೆ. ಸಂಬಂಧಗಳು ಬರುತ್ತಲೇ ಇದ್ದವು. ಡೊಮಿನಿಕ್ ಪ್ರತಿಯೊಂದನ್ನೂ ಮರ್ಯಾದೆಯಿಂದ ಕೂರಿಸಿ, ಕಾಫಿ ಕೊಟ್ಟು, ಆಮೇಲೆ ಒಂದು ಕಾರಣ ಹುಡುಕುತ್ತಿದ್ದ. ಉಡುಪಿಯವನಿಗೆ ತೋಟ ಸಾಲದು. ಹೂಡೆಯವನ ಮನೆ ಹೊಳೆಯ ಬದಿ, ಬಾವಿಯಲ್ಲಿ ಉಪ್ಪುನೀರು. ಇನ್ನೊಬ್ಬನ ತಾಯಿಯ ನಾಲಗೆ ಉದ್ದ. ಡೊಮಿನಿಕ್ ಕೆಟ್ಟವನಲ್ಲ. ಬಿಸಿ ಅನ್ನ ಅಭ್ಯಾಸವಾದವನು.

ಈ ಕಾರಣಗಳ ಸರಣಿಯನ್ನು ಮುರಿದವಳು ನೆರೆಮನೆಯ ವಿಧವೆ ಕ್ಲಾರಾ. ಊರಿನ ಅರ್ಧ ಮದುವೆಗಳು ಅವಳು ಮಾಡಿಸಿದವು. ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಬಸ್ ಏಜೆಂಟನಾಗಿದ್ದ ಲೂಯಿಸನ ಸಂಬಂಧವನ್ನು ಅವಳು ಡೊಮಿನಿಕನ ಜಗಲಿಗೆ ತರಲಿಲ್ಲ. ಆದಿತ್ಯವಾರ ಪೂಜೆ ಮುಗಿದು ಜನ ಹೊರಗೆ ನಿಂತಿರುವಾಗ, ಎಲ್ಲರಿಗೂ ಕೇಳುವ ಹಾಗೆ, ಹುಡುಗನಿಗೆ ಒಪ್ಪಿಗೆಯಂತೆ, ತಾಯಿಗೂ ಒಪ್ಪಿಗೆಯಂತೆ, ಬಾವಿ ಸಿಹಿನೀರಿನದಂತೆ ಎಂದುಬಿಟ್ಟಳು. ಡೊಮಿನಿಕನ ಬಳಿ ಆ ಹೊತ್ತಿಗೆ ಕಾರಣ ಸಿದ್ಧವಿರಲಿಲ್ಲ. ಒಪ್ಪಿಕೊಂಡ.

ಬೂದಿ ಬುಧವಾರದಿಂದ ಈಸ್ಟರಿನವರೆಗೆ ವ್ರತಕಾಲ. ಆ ದಿನಗಳಲ್ಲಿ ಮದುವೆ ಇಲ್ಲ. ಆದ್ದರಿಂದ ಬುಧವಾರದ ಹಿಂದಿನ ದಿನ, ಮಂಗಳವಾರವೇ ಮದುವೆ ಎಂದು ಗೊತ್ತಾಯಿತು. ಅದಕ್ಕೆ ಮೊದಲು, ಕ್ರಮದ ಪ್ರಕಾರ, ಮೂರು ಆದಿತ್ಯವಾರ ಇಗರ್ಜಿಯಲ್ಲಿ ವಧೂವರರ ಹೆಸರು ಓದಬೇಕು. ಯಾರಿಗಾದರೂ ಅಡ್ಡಿ ಗೊತ್ತಿದ್ದರೆ ತಿಳಿಸಬೇಕು. ಮೂರು ಆದಿತ್ಯವಾರ ಸುಮ್ಮನೆ ಕಳೆದರೆ ಸೆಲೀನ್ ಕಾರ್ಕಳಕ್ಕೆ. ಕಳೆಯದಿದ್ದರೆ ಈಸ್ಟರಿನ ತನಕ ಕಾಯಬೇಕು; ಅಷ್ಟರಲ್ಲಿ ಅಣ್ಣ ಕಾರ್ಕಳದ ಬಾವಿಯಲ್ಲೂ ಏನಾದರೊಂದು ಕಂಡುಹಿಡಿಯುತ್ತಾನೆ ಎಂಬುದು ಸೆಲೀನಳಿಗೆ ಅಂಗೈಯ ಗೆರೆಯಷ್ಟು ಸ್ಪಷ್ಟವಿತ್ತು.

ಮೊದಲ ಆದಿತ್ಯವಾರ ಹೆಸರು ಓದಿದರು. ಅಂದಿನಿಂದ ಸೆಲೀನ್ ಕೂತಲ್ಲಿ ಕೂರಲಿಲ್ಲ. ಪೆಟ್ಟಿಗೆ ತುಂಬಿದಳು, ಬಿಚ್ಚಿದಳು, ಮತ್ತೆ ತುಂಬಿದಳು. ಹಾಲು ಒಲೆಯ ಮೇಲಿಟ್ಟು ಗೇಟಿನವರೆಗೆ ಹೋಗಿ, ಅಲ್ಲಿ ಯಾಕೆ ಬಂದೆ ಎಂದು ತಿಳಿಯದೆ ನಿಂತು, ಹಾಲು ಉಕ್ಕಿದ ವಾಸನೆಗೆ ಹಿಂದೆ ಓಡಿದಳು. ಹಂದಿಗೆ ಎರಡು ಸಲ ಹಾಕಿ ಆಳುಗಳಿಗೆ ಗಂಜಿ ಮರೆತಳು. ಹಂದಿಯ ಕಡೆಯಿಂದ ದೂರು ಬರಲಿಲ್ಲ.

ಪುಸ್ತಕವನ್ನು ಬೇರೆಯವರಿಗೆ ಕಲಿಸುವ ಕೆಲಸವೂ ಆ ವಾರದಲ್ಲೇ ನಡೆಯಿತು. ಎಸ್ತರ್ ಟೀಚರಾದ್ದರಿಂದ ಮೊದಲ ಪುಟದಲ್ಲೇ, ಬಾತುಕೋಳಿಗೆ ಎಷ್ಟು ಕಾಲು ಎಂದು ಪ್ರಶ್ನೆ ಕೇಳಿದಳು. ಅಲೆಕ್ಸ್ ಅಂಗೈ ಇಟ್ಟ. ಮತ್ತೆ ತೆಗೆಯಲೇ ಇಲ್ಲ. ಡೊಮಿನಿಕ್ ಓದಲು ಕೂತಾಗ ಬೇಲಿಯಿಂದ ನೇರ ಬೋಗುಣಿಗೆ ಹಾರಿ, ಮುಗಿಯಿತು ಎಂದು ಕನ್ನಡಕ ತೆಗೆದ. ಅಲೆಕ್ಸನ ಕೂಗು ಕ್ಲಾರಾಳ ಮನೆಗೆ ಕೇಳಿಸಿ, ಮಗುವಿಗೆ ಚೇಳು ಕಚ್ಚಿತಾ ಎಂದು ಅವಳು ಸುಣ್ಣ ಹಿಡಿದುಕೊಂಡು ಬಂದಳು.

"ನೀನು ಹೋದ ಮೇಲೆ ಇವರನ್ನು ಹಿಡಿಯುವುದು ಯಾರು ಮಾರಾಯ್ತಿ," ಎಂದು ಡೊಮಿನಿಕ್ ತಂಗಿಯ ಕಡೆ ನೋಡಿದ. ಅವನ ದನಿಯಲ್ಲಿ ದುಃಖವೇನೂ ಕೇಳಿಸಲಿಲ್ಲ.

ಅಲೆಕ್ಸನನ್ನು ಸುಮ್ಮನಾಗಿಸಲು ಸೆಲೀನ್ ಅವನಿಗೆ ಮಾತು ಕೊಟ್ಟಳು: ಬಿಟ್ಟು ಹೋಗುವುದಿಲ್ಲ, ಮಲಗು. ಕುತ್ತಿಗೆಯ ಶಿಲುಬೆ ಮುಟ್ಟಿ ಹೇಳು ಎಂದ. ಮುಟ್ಟಿ ಹೇಳಿದಳು. ಮೂರು ವರ್ಷದವರಿಗೆ ಎಲ್ಲ ದೊಡ್ಡವರೂ ಕೊಡುವ ಮಾತು ಅದು. ಅಲೆಕ್ಸ್ ನಂಬಿದ. ಲೊರ್ನಾ ನೆನಪಿಟ್ಟುಕೊಂಡಳು.

ಲೊರ್ನಾ ಆ ವರ್ಷವೇ ಇಗರ್ಜಿಯ ಧರ್ಮಪಾಠಕ್ಕೆ ಹೋಗತೊಡಗಿದ್ದಳು. ಎರಡನೆಯ ಆದಿತ್ಯವಾರ ಪಾಠ ಹೇಳುವ ಸಿಸ್ಟರು, ಹೆಸರು ಯಾಕೆ ಓದುತ್ತಾರೆ ಎಂಬುದನ್ನು ಮಕ್ಕಳಿಗೆ ಬಿಡಿಸಿ ಹೇಳಿದರು. ಹುಡುಗಿ ಮೊದಲೇ ಬೇರೆಯವರಿಗೆ ಮಾತು ಕೊಟ್ಟಿದ್ದರೆ ಅದು ಅಡ್ಡಿ. ಅಡ್ಡಿ ಗೊತ್ತಿದ್ದೂ ಹೇಳದೆ ಇದ್ದರೆ ಪಾಪ. ಪಾಠ ಬಿಟ್ಟ ಕೂಡಲೇ ಲೊರ್ನಾ ನೇರ ಪಾದ್ರಿಗಳ ಮನೆಯ ಜಗಲಿ ಹತ್ತಿದಳು.

ಪಾದ್ರಿಗಳು ಊರಿಗೆ ಹೊಸಬರು. ದೊಡ್ಡ ದೊಡ್ಡ ಲ್ಯಾಟಿನ್ ಗ್ರಂಥಗಳನ್ನು ಬಲ್ಲವರು. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಇನ್ನೂ ಗೊತ್ತಾಗಬೇಕಿತ್ತು. ಎದುರು ನಿಂತ ಪುಟ್ಟ ಹುಡುಗಿ ಕೈಕಟ್ಟಿಕೊಂಡು, ಸೆಲಿಬಾಯಿಯ ಮದುವೆಗೆ ಒಂದು ಅಡ್ಡಿ ಉಂಟು ಎಂದಳು. ಅವರು ಕುರ್ಚಿ ಹತ್ತಿರ ಎಳೆದುಕೊಂಡರು.

"ಅವಳು ಅಲೆಕ್ಸ್‌ಗೆ ಮೊದಲೇ ಮಾತು ಕೊಟ್ಟಿದ್ದಾಳೆ. ಬಿಟ್ಟು ಹೋಗುವುದಿಲ್ಲ ಅಂತ. ಶಿಲುಬೆ ಮುಟ್ಟಿ ಹೇಳಿದ್ದು."

ಅಲೆಕ್ಸ್‌ಗೆ ಮದುವೆ ಆಗಿದೆಯಾ ಎಂದು ಪಾದ್ರಿಗಳು ಕೇಳಿದರು. ಇಲ್ಲ ಎಂದಳು.

"ಅವರಿಬ್ಬರು ಭೇಟಿ ಆಗುವುದುಂಟಾ?"

"ದಿನಾ ಸಂಜೆ. ಸೆಲಿಬಾಯಿ ಹತ್ತಿರ ಕೂತರೇ ಅವನಿಗೆ ನಿದ್ರೆ ಬರುವುದು."

ಪಾದ್ರಿಗಳು ಸ್ವಲ್ಪ ಹೊತ್ತು ತೆಂಗಿನ ಮರಗಳ ಕಡೆ ನೋಡಿ, ಇದು ಮನೆಯವರಿಗೆ ಗೊತ್ತಿದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಎಲ್ಲರಿಗೂ ಗೊತ್ತುಂಟು ಎಂದಳು ಲೊರ್ನಾ. ಚಿಕ್ಕ ಮಗುವಿನ ಬಾಯಿಂದ ಇದಕ್ಕಿಂತ ಹೆಚ್ಚು ಕೇಳುವುದು ಸರಿಯಲ್ಲ ಎಂದು ಅವರಿಗೆ ಅನಿಸಿತು. ತಲೆ ಸವರಿ, ಈ ವಿಷಯ ಯಾರಿಗೂ ಹೇಳಬಾರದು ಎಂದು ಕಳಿಸಿಕೊಟ್ಟರು. ಪಾಪ ಇಳಿದು ಹಗುರಾದ ಲೊರ್ನಾ ದಾರಿಯುದ್ದಕ್ಕೂ ಕುಂಟಾಟ ಆಡುತ್ತ ಮನೆಗೆ ಬಂದಳು.

ಪಾದ್ರಿಗಳು ಮಾಡಬಹುದಾದ ವಿಚಾರಣೆ ಮಾಡಿದರು. ಗಂಟೆ ಹೊಡೆಯುವವನನ್ನು ಕರೆದು, ಇಲ್ಲಿ ಅಲೆಕ್ಸ್ ಎಂಬವರು ಯಾರಾದರೂ ಇದ್ದಾರೆಯೇ ಎಂದು, ಕಾರಣ ಹೇಳದೆ ಕೇಳಿದರು. ಯಾವ ಅಲೆಕ್ಸ್ ಬೇಕು ಎಂದು ಅವನು ತಿರುಗಿ ಕೇಳಿದ. ಆ ಊರಲ್ಲಿ ಕಲ್ಲು ಎಸೆದರೆ ಒಬ್ಬ ಅಲೆಕ್ಸನಿಗೆ ತಾಗುತ್ತದೆ, ತಪ್ಪಿದರೆ ಅಲೆಕ್ಸಾಂಡರನಿಗೆ. ಮದುವೆಯಾಗದವರು ಎಂದಾಗ ಅವನಿಗೆ ಒಬ್ಬ ನೆನಪಾದ: ಹೋದ ತಿಂಗಳು ಯಾರಿಗೂ ಹೇಳದೆ ಕುವೈಟ್‌ಗೆ ಹೋದವನು. ಪಾದ್ರಿಗಳ ಮುಖ ಗಂಭೀರವಾಯಿತು. ಗಂಟೆ ಹೊಡೆಯುವವನಿಗೆ ಅಷ್ಟು ಸಾಕಾಗಿತ್ತು.

ಮೂರನೆಯ ಆದಿತ್ಯವಾರ ಪೂಜೆಯಲ್ಲಿ ಬೇರೆ ಎರಡು ಮದುವೆಗಳ ಹೆಸರು ಓದಿದರು. ಸೆಲೀನಳದ್ದು ಓದಲಿಲ್ಲ. ಪಾದ್ರಿಗಳು ಕಾಗದ ಮಡಿಸಿದಾಗ ಹೆಂಗಸರ ಕಡೆಯಿಂದ ಒಂದು ಸದ್ದು ಬಂತು, ಒಣಗಿದ ತೆಂಗಿನ ಮಡಲು ಗಾಳಿಗೆ ಸರಿದ ಹಾಗೆ. ಸೆಲೀನ್ ಎದುರಿನ ಬೆಂಚಿನ ಹಲಗೆ ಹಿಡಿದುಕೊಂಡಳು. ಉಳಿದ ಪೂಜೆಗೆ ಜನ ಎದ್ದಾಗ ಅವಳು ಕೂತಿದ್ದಳು, ಜನ ಮೊಣಕಾಲೂರಿದಾಗ ನಿಂತಿದ್ದಳು.

ಹೊರಗೆ ಬರುವಷ್ಟರಲ್ಲಿ ಸುದ್ದಿಗೆ ಹೆಸರೂ ಊರೂ ಹುಟ್ಟಿದ್ದವು. ಯಾರೋ ತಕರಾರು ಕೊಟ್ಟಿದ್ದಾರೆ, ಕುವೈಟ್‌ನಲ್ಲಿ ಒಬ್ಬನಿದ್ದಾನೆ. ಹತ್ತೂವರೆಯ ಬಸ್ಸಿನಲ್ಲಿ ಅದು ಕಾರ್ಕಳಕ್ಕೆ ಹೊರಟಿತು. ಕ್ಲಾರಾ ಡೊಮಿನಿಕನ ಮನೆಗೆ ಓಡಿಬಂದು, ಇದೆಂತ ಡೊಮಿನಿಕ್, ನನ್ನ ಮುಖಕ್ಕೆ ಮಸಿ ಬಳಿಯುವುದಾ, ನಾನು ಮಾಡಿಸಿದ ಮದುವೆ ಒಂದೂ ಹೀಗೆ ನಿಂತದ್ದಿಲ್ಲ ಎಂದು ಜಗಲಿಯಲ್ಲೇ ಕುಕ್ಕರಿಸಿದಳು. ಡೊಮಿನಿಕ್ ಅವಳನ್ನು ಸಮಾಧಾನ ಮಾಡಿದ. ದೇವರ ಚಿತ್ತ, ಗಡಿಬಿಡಿ ಎಂತಕ್ಕೆ, ಈಸ್ಟರ್ ಕಳೆಯಲಿ, ನೋಡುವ. ಹೇಳುತ್ತ ಹೇಳುತ್ತ ಊಟಕ್ಕೆ ಎಂತ ಉಂಟು ಎಂದೂ ಕೇಳಿದ.

ಸೆಲೀನ್ ಆಗ ಒಲೆಯ ಮುಂದಿದ್ದಳು. ಕುದಿಯುವ ಅನ್ನದ ಬೆಂಕಿ ಎಳೆದು ಆರಿಸಿ, ಕೊಡೆಯನ್ನೂ ಹಿಡಿಯದೆ ಸುಡುಬಿಸಿಲಿಗೆ ಇಳಿದಳು. ಗದ್ದೆಯ ಹುಣಿಯ ಮೇಲೆ ಅವಳು ನಡೆದ ರೀತಿಗೆ ಎದುರಿಗೆ ಬಂದವರು ಕೆಳಗಿಳಿದು ದಾರಿ ಬಿಟ್ಟರು.

ಪಾದ್ರಿಗಳು ಊಟಕ್ಕೆ ಕೂರುವವರಿದ್ದರು. ತಕರಾರು ಕೊಟ್ಟದ್ದು ಯಾರು ಎಂದು ಕೇಳಿದಳು, ಹೇಳುವಂತಿಲ್ಲ ಎಂದರು. ಆಮೇಲೆ, ಅಲೆಕ್ಸ್ ಎಂಬವರನ್ನು ನೀನು ಬಲ್ಲೆಯಾ ಮಗಳೇ ಎಂದು, ಬಹಳ ಮೃದುವಾಗಿ ಕೇಳಿದರು.

"ಬಲ್ಲೆ ಫಾದರ್. ಈಗಷ್ಟೇ ಅವನ ಮೂಗು ಒರೆಸಿ ಬಂದೆ."

ಪಾದ್ರಿಗಳು ಅನ್ನದ ತಟ್ಟೆಗೆ ಮುಚ್ಚಳ ಹಾಕಿ ಅವಳ ಹಿಂದೆ ಹೊರಟರು.

ಅವರು ಗೇಟಿಗೆ ಬರುವಾಗ ಕಾರ್ಕಳದ ಕಡೆಯಿಂದ ಬಂದ ಬಸ್ಸಿನಿಂದಿಳಿದ ಲೂಯಿಸ್, ಒಳಗೆ ಹೋಗುವುದೋ ಬೇಡವೋ ಎಂದು ಹೊರಗೇ ನಿಂತಿದ್ದ. ಮದುವೆಗೆ ಎರಡು ದಿನ ಇರುವಾಗ ಹುಡುಗ ಹುಡುಗಿಯ ಮನೆಗೆ ಬರುವ ಕ್ರಮವಿಲ್ಲ. ಉದ್ದಕ್ಕೆ, ಸ್ವಲ್ಪ ಬಾಗಿದ ಮನುಷ್ಯ. ಸೆಲೀನಳನ್ನು ಕಂಡು ಟೊಪ್ಪಿ ತೆಗೆದ.

"ನೀವು ಕುವೈಟ್‌ಗೆ ಹೋದಿರಿ ಅಂತ ಸ್ಟ್ಯಾಂಡಿನಲ್ಲಿ ಹೇಳಿದರು," ಎಂದ. "ನಮ್ಮ ಬಸ್ಸು ಅಲ್ಲಿಗೆ ಇಲ್ಲವಲ್ಲ, ಅದಕ್ಕೆ ಕೇಳಿಕೊಂಡು ಹೋಗುವ ಅಂತ ಬಂದೆ."

ಅಲೆಕ್ಸ್ ಚಡ್ಡಿಯಿಲ್ಲದೆ ಹೊಸ್ತಿಲ ಮೇಲೆ ಕೂತು ಬೆಲ್ಲ ನೆಕ್ಕುತ್ತಿದ್ದ. ಸೆಲೀನ್ ಅವನನ್ನು ತೋರಿಸಿದಳು. ಪಾದ್ರಿಗಳು ಬಹಳ ಹೊತ್ತು ಅವನನ್ನೇ ನೋಡಿದರು. ಅಲೆಕ್ಸ್ ಬೆಲ್ಲವನ್ನು ಬೆನ್ನ ಹಿಂದೆ ಅಡಗಿಸಿದ.

ಎಲ್ಲ ಬಯಲಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಲೊರ್ನಾ ಬಾಗಿಲ ಹಿಂದಿನಿಂದ ಬಂದು, ತಾನು ಹೇಳಿದ್ದು ಒಂದೂ ಸುಳ್ಳಲ್ಲ ಎಂದಳು. ಸುಳ್ಳಾಗಿರಲಿಲ್ಲ. ಎಸ್ತರ್ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಪಾದ್ರಿಗಳು ಕುರ್ಚಿಯಲ್ಲಿ ಕೂತು ಬೆವರು ಒರೆಸಿಕೊಂಡು, ತಪ್ಪು ತನ್ನಿಂದ ಆಯಿತು, ಆದರೆ ಮೂರನೆಯ ಸಲ ಓದದೆ ಮದುವೆ ಮಾಡಿಸಲು ತನಗೆ ಅಧಿಕಾರವಿಲ್ಲ ಎಂದರು. ಅಧಿಕಾರ ಇರುವುದು ಮಂಗಳೂರಿನ ಬಿಷಪ್ಪರಿಗೆ. ಮನೆಯ ಯಜಮಾನ ನಾಳೆ ತಾನೇ ಹೋಗಿ ಕೇಳಿಕೊಂಡರೆ ಸಂಜೆಯೊಳಗೆ ಅನುಮತಿ ತರಬಹುದು; ಮಂಗಳವಾರ ಮದುವೆ ನಡೆಯುತ್ತದೆ.

ಎಲ್ಲರೂ ಡೊಮಿನಿಕನ ಕಡೆ ನೋಡಿದರು. ಡೊಮಿನಿಕ್ ನಾಳೆ ಕೊಬ್ಬರಿಯ ಲಾರಿ ಬರುತ್ತದೆ ಎಂದ. ಅಷ್ಟು ದೊಡ್ಡವರ ಹತ್ತಿರ ಇಂಥ ಸಣ್ಣ ವಿಷಯಕ್ಕೆ ಹೋಗುವುದು ಹೇಗೆ ಎಂದ. ಲೂಯಿಸನ ಕಡೆ ತಿರುಗಿ, ನೀವು ತಿಳಿದವರು, ಬೇಜಾರು ಮಾಡಬಾರದು ಎಂದ. ಕೊನೆಗೆ ಅಲೆಕ್ಸನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡ.

"ಮಕ್ಕಳನ್ನು ನೋಡಿ ಫಾದರ್. ಇಷ್ಟು ಹಚ್ಚಿಕೊಂಡಿದ್ದಾರೆ, ಇಗರ್ಜಿಯ ತನಕ ಹೋದರಲ್ಲ. ಆ ಪುಸ್ತಕ ಇವಳು ಓದದಿದ್ದರೆ ಇವನು ಮಲಗುವುದೇ ಇಲ್ಲ. ಈಸ್ಟರಿನ ತನಕ ಇದ್ದರೆ ಇವರಿಗೂ ಅಭ್ಯಾಸ ಆಗ್ತದೆ, ಅಲ್ವಾ?"

ಇದು ಈವರೆಗಿನ ಎಲ್ಲ ಕಾರಣಗಳಿಗಿಂತ ಒಳ್ಳೆಯ ಕಾರಣವಾಗಿತ್ತು.

ಸೆಲೀನ್ ಜಗಲಿಯ ಈ ತುದಿಯಿಂದ ಆ ತುದಿಗೆ ಹೋದಳು, ಹಿಂದೆ ಬಂದಳು. ಆಮೇಲೆ ಲೊರ್ನಾಳಿಗೆ ಪುಸ್ತಕ ತಾ ಎಂದಳು. ತಂದಾಗ ಕೈಗೆ ತೆಗೆದುಕೊಳ್ಳಲಿಲ್ಲ.

"ನೀನು ಓದು. ತಮ್ಮನಿಗೆ ಓದಿ ಹೇಳು."

ಲೊರ್ನಾ ಚಾಪೆಯ ಮೇಲೆ ಕೂತಳು. ಅಲೆಕ್ಸ್ ಅಪ್ಪನ ತೊಡೆಯಿಂದ ಜಾರಿ ತನ್ನ ಜಾಗಕ್ಕೆ ಬಂದು ಅಂಗೈ ಸಿದ್ಧ ಮಾಡಿಕೊಂಡ. ಲೊರ್ನಾ ಸೆಲೀನಳ ಹಾಗೇ ಗಂಟಲು ಸರಿಮಾಡಿ, ಚುಕ್ಕೆಯ ಅಕ್ಷರಗಳ ಕೆಳಗೆ ಬೆರಳಿಟ್ಟಳು.

"ಇದು ಮುದುಕಿ, ಇದು ಬಾತುಕೋಳಿ. ಊರೆಲ್ಲ ಉಪ್ಪು ಹರಡಿದ್ದಾರೆ. ಬಾತುಕೋಳಿಗೆ ಮನೆಯಲ್ಲಿ ಎಲ್ಲ ಇತ್ತು, ಪುರುಸೊತ್ತು ಒಂದು ಇರಲಿಲ್ಲ." ಪುಟ ತಿರುವಿದಳು. "ಬಾತುಕೋಳಿ ಬೇಲಿಯ ಹತ್ತಿರ ನಿಂತು ದಾರಿ ನೋಡಿತು. ಉಡುಪಿಯವನಿಗೆ ತೋಟ ಸಾಲದು. ಹೂಡೆಯವನ ಬಾವಿಯಲ್ಲಿ ಉಪ್ಪುನೀರು. ಅಣ್ಣನ ಬಾವಿ ಸಿಹಿ, ಯಾಕೆ ಹೇಳು, ಸೇದಲಿಕ್ಕೆ ನಾನಿದ್ದೇನೆ."

ಪಾದ್ರಿಗಳು ಮುಂದೆ ಬಾಗಿದರು. ಡೊಮಿನಿಕ್ ಕತ್ತು ಚಾಚಿ ಪುಟ ನೋಡಿದ, ಅದು ಅಲ್ಲಿ ನಿಜಕ್ಕೂ ಅಚ್ಚಾಗಿದೆಯೋ ಎಂಬಂತೆ. ಲೊರ್ನಾಳಿಗೆ ಆ ಸಂಶಯವಿರಲಿಲ್ಲ. ಅವಳ ಮಟ್ಟಿಗೆ ಎಲ್ಲವೂ ಅಲ್ಲೇ ಇತ್ತು, ದಿನಾ ಸಂಜೆ ಅದನ್ನೇ ಕೇಳಿದ್ದಳು.

"ಬಾತುಕೋಳಿ ದೋಣಿ ಹತ್ತಿತು. ಹತ್ತು ಮಾರಾಯ್ತಿ, ಬೇಗ ಹತ್ತು, ಅಣ್ಣ ಊಟಕ್ಕೆ ಕರೆಯುವ ಮೊದಲು ಹತ್ತು." ಇನ್ನೊಂದು ಪುಟ. ಇಲ್ಲಿ ಲೊರ್ನಾ ನಿಲ್ಲಿಸಿ, ಕೈಯ ಹಿಂಬದಿಯಿಂದ ಬಾಯಿ ಮುಚ್ಚಿ ಉದ್ದಕ್ಕೆ ಆಕಳಿಸಿದಳು. ಅದೂ ಓದಿನ ಭಾಗವೇ. "ಗೋಪುರದ ಮೇಲಿಂದ ಬಾತುಕೋಳಿಗೆ ಎಲ್ಲ ಕಾಣುತ್ತದೆ. ಬರುವವರೆಲ್ಲ ಕಾಫಿ ಕುಡಿದು ಹೋಗುವುದೂ ಕಾಣುತ್ತದೆ. ಹೋಗಲಿ, ನಾಳೆಯ ಅಕ್ಕಿ ನೆನೆಹಾಕಬೇಕು."

ಸೆಲೀನ್ ಕಂಬಕ್ಕೆ ಆತು ನಿಂತಿದ್ದಳು. ಇದನ್ನೆಲ್ಲ ತಾನು ಬಾಯಿಬಿಟ್ಟು ಹೇಳಿದ್ದೇನೆ ಎಂಬುದು ಅವಳಿಗೇ ಆಗ ಗೊತ್ತಾದದ್ದು. ಕುತ್ತಿಗೆಯ ತನಕ ಕೆಂಪಾಗಿದ್ದಳು; ಆದರೆ ಸಾಕು ಎನ್ನಲಿಲ್ಲ. ಲೊರ್ನಾ ಕೊನೆಯ ಪುಟ ಮುಟ್ಟಿ, ಬಾತುಕೋಳಿಯನ್ನು ಮೇಜಿನ ಅಡಿಯಲ್ಲಿ ಮಲಗಿಸಿ, ಪುಸ್ತಕ ಮುಚ್ಚಿದಳು. ಆದಿಯಿಂದ ಅಂತ್ಯದವರೆಗೆ ಅಲೆಕ್ಸನಿಗೆ ಒಂದು ತಪ್ಪೂ ಸಿಕ್ಕಿರಲಿಲ್ಲ. ಅವನು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು, ಮಧ್ಯಾಹ್ನವೆಂಬುದನ್ನೂ ನೋಡದೆ, ಬೆರಳು ಚೀಪತೊಡಗಿದ.

ಡೊಮಿನಿಕ್ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡ.

"ನಾನು ಹಾಗೆ ಎಣಿಸಿದ್ದಲ್ಲ, ಸೆಲಿ."

"ಎಣಿಸುವುದು ಬೇಡ ಅಣ್ಣ. ಮಂಗಳೂರಿಗೆ ಹೋಗು."

ಎಸ್ತರ್ ಒಳಗಿನಿಂದ ಬಂದು, ಲಾರಿ ಬಂದರೆ ಶಾಲೆಗೆ ರಜೆ ಹಾಕಿ ತಾನು ತೂಕ ನೋಡಿಕೊಳ್ಳುತ್ತೇನೆ ಎಂದಳು. ಮನೆಯ ಕೆಲಸಕ್ಕೆಂದು ಅವಳು ಶಾಲೆಗೆ ರಜೆ ಹಾಕುವುದು ಅದೇ ಮೊದಲು. ಡೊಮಿನಿಕ್ ಇನ್ನೂ ಏನೋ ಹೇಳುವುದರಲ್ಲಿದ್ದ. ಬಹುಶಃ ಬೆಳಗ್ಗಿನ ಬಸ್ಸಿನಲ್ಲಿ ಸೀಟು ಸಿಗುವುದು ಕಷ್ಟ ಎಂದು. ಲೂಯಿಸ್ ಎದ್ದು ನಿಂತ.

"ಸೀಟು ನಾನು ಹೇಳಿಡುತ್ತೇನೆ ಬಾವ. ಎರಡು. ಒಟ್ಟಿಗೆ ಹೋಗುವ."

ಅಂದು ಅವನು ಕ್ಲಾರಾಳ ಜಗಲಿಯಲ್ಲಿ ಮಲಗಿದ. ಕ್ರಮ ತಪ್ಪಿತು ಎಂದು ಗೊಣಗುತ್ತಲೇ ಅವಳು ಅವನಿಗೆ ಮೀನು ಹುರಿದು ಬಡಿಸಿದಳು.

ಸೋಮವಾರ ಬೆಳಕು ಹರಿಯುವಾಗಲೇ ಸೆಲೀನ್ ರಸ್ತೆಯ ಬದಿಗೆ ಬಂದು ನಿಂತಿದ್ದಳು. ಅಂದು ಸಂಜೆ ಅವಳಿಗೆ ತೆಂಗಿನ ಹಾಲು ಹಚ್ಚಿ, ಮದುವೆಯ ಮುನ್ನಾದಿನದ ರೋಸ್ ಶಾಸ್ತ್ರ ಮಾಡಬೇಕು. ಬಿಷಪ್ಪರ ಅನುಮತಿ ಬಂದರೆ. ಡೊಮಿನಿಕ್ ಮದುವೆಯ ಕೋಟು ಹಾಕಿಕೊಂಡು, ಕಿಸೆಯಲ್ಲಿ ಪಾದ್ರಿಗಳ ಚೀಟಿ ಇಟ್ಟುಕೊಂಡು ಬಂದ. ತಂಗಿಯ ಮುಖ ನೋಡಲಿಲ್ಲ. ಮಕ್ಕಳು ಎದ್ದರಾ ಎಂದು ಮಾತ್ರ ಕೇಳಿದ. ಇಲ್ಲ ಎಂದಳು. ತಿಂಡಿ ಏನಾದರೂ ಕ್ಯಾರಿಯರ್‌ನಲ್ಲಿ ಕಟ್ಟಿದ್ದೀಯಾ ಎಂದು ಕೇಳಲು ಬಾಯಿ ತೆರೆದು, ಸುಮ್ಮನಾದ.

ಬಸ್ಸು ಬಂತು. ಲೂಯಿಸ್ ಮೊದಲು ಡೊಮಿನಿಕನನ್ನು ಹತ್ತಿಸಿ ಕಿಟಕಿಯ ಬದಿಗೆ ಕೂರಿಸಿದ; ತಾನು ಇತ್ತಬದಿಗೆ, ಉದ್ದನೆಯ ಕಾಲುಗಳನ್ನು ದಾರಿಗೆ ಅಡ್ಡ ಚಾಚಿ ಕೂತ. ಕಿಟಕಿಯಲ್ಲಿ ಡೊಮಿನಿಕನ ಮುಖ, ಇಳಿಯಲು ಮುಂದಿನ ನಿಲುಗಡೆ ಎಲ್ಲಿ ಎಂದು ಲೆಕ್ಕ ಹಾಕುವವನ ಮುಖ. ಅವನ ಹೆಗಲಾಚೆಯಿಂದ ಲೂಯಿಸ್ ಸೆಲೀನಳ ಕಡೆ ನೋಡಿ, ತನ್ನ ಕಾಲನ್ನು ಇನ್ನಷ್ಟು ಮುಂದೆ ಚಾಚಿದ. ನಗಲಿಲ್ಲ. ಕಂಡಕ್ಟರ್ ಗಂಟೆ ಎಳೆದ.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸೆಲೀನ್ ಧೂಳು ಇಳಿಯುವವರೆಗೆ ನಿಂತಿದ್ದಳು. ಮುಂದಿನ ನಿಲುಗಡೆ ಕೂಗಳತೆಯ ದೂರದಲ್ಲೇ ಇತ್ತು. ಬಸ್ಸು ಅಲ್ಲಿ ನಿಂತದ್ದು ಕೇಳಿಸಿತು, ಮತ್ತೆ ಹೊರಟದ್ದೂ ಕೇಳಿಸಿತು. ರಸ್ತೆಯಲ್ಲಿ ಯಾರೂ ಹಿಂದಿರುಗಿ ನಡೆದು ಬರಲಿಲ್ಲ.